ಮಲ್ಲಪ್ಪ ಮಾಸ್ತರರ ಮಟ್ಟು

ಚಂದ್ರವ್ವನ ಸಿಟ್ಟು ಎಂಥದ್ದೆಂದು ನನಗೆ ಮೊದಲು ಗೊತ್ತಾದದ್ದು ಕಾರಿನಲ್ಲಿ. ಅವರ ಹತ್ತಿರ ನಾನು ಡ್ರೈವಿಂಗ್ ಕಲಿಯಲು ಸೇರಿದ ಹೊಸದು. ಲಂಡನ್ನಿನ ಕಿಂಗ್ಸ್‌ಬರಿಯ ರೌಂಡ್‌ಅಬೌಟ್‌ನಲ್ಲಿ ಗಾಡಿ ಆಫ್ ಆಗಿ ನಿಂತುಬಿಟ್ಟಿತು. ಹಿಂದಿದ್ದ ವ್ಯಾನಿನವನು ಕಿಟಕಿ ಇಳಿಸಿ ನನ್ನ ಬಣ್ಣ, ನನ್ನ ದೇಶ ಎರಡನ್ನೂ ಸೇರಿಸಿ ಒಂದು ಮಾತು ಅಂದ. ನಾನು ಬೆವರುತ್ತ ಕೀಗೆ ಕೈ ಹಾಕಿದೆ. ಚಂದ್ರವ್ವ ನನ್ನ ಕೈ ತಡೆದು, ಕೆಳಗಿಳಿದು, ಸೀದಾ ಹೋಗಿ ವ್ಯಾನಿನ ಮುಂದೆ ಕೈಕಟ್ಟಿ ನಿಂತರು. ಬೈಯಲಿಲ್ಲ, ಕೂಗಲಿಲ್ಲ. ನನ್ನ ಸ್ಟೂಡೆಂಟಿಗೆ ಸಾರಿ ಹೇಳು ಎಂದರು, ಅಷ್ಟೇ. ನಾಲ್ಕೂ ಕಡೆಯಿಂದ ಹಾರನ್ನು. ಬಸ್ಸಿನ ಡ್ರೈವರ್ ತಲೆ ಮೇಲೆ ಕೈ ಹೊತ್ತ. ಚಂದ್ರವ್ವ ಮಾತ್ರ ಬಸ್‌ಸ್ಟಾಪಿನಲ್ಲಿ ಬಸ್ಸಿಗೆ ಕಾಯುವವರ ಹಾಗೆ ಆರಾಮಾಗಿ ನಿಂತಿದ್ದರು. ವ್ಯಾನಿನವನು ಕೊನೆಗೆ ಹಲ್ಲು ಕಚ್ಚಿಕೊಂಡು ಸಾರಿ ಅಂದ. ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಬಂದು ಕೂತು ಬೆಲ್ಟ್ ಹಾಕಿಕೊಂಡು, "ಈಗ ಕ್ಲಚ್ ಬಿಡ್ರಿ ಅಕ್ಕಾರ. ಹಗೂರಕ," ಎಂದರು.

ಅವತ್ತೇ ನಾನು ಅವರ ಅಭಿಮಾನಿಯಾದೆ. ನಾನು ಮೈಸೂರಿನವಳು, ನನ್ನ ಗಂಡ ಮುಕುಂದ ಇಲ್ಲಿಯ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ನಮ್ಮ ಮನೆಯಲ್ಲಿ ಸಿಟ್ಟು ಬಂದರೆ ಊಟ ಬಿಡುವುದು, ಬಾಗಿಲು ಹಾಕಿಕೊಳ್ಳುವುದು, ಎರಡು ದಿನ ಬಿಗುಮಾನ. ಎದುರಿನವನನ್ನು ಅಲ್ಲೇ ನಿಲ್ಲಿಸಿ, ಅವನ ಬಾಯಿಂದಲೇ ಹೇಳಿಸುವ ಸಿಟ್ಟನ್ನು ನಾನು ನೋಡಿರಲಿಲ್ಲ. ಇಷ್ಟು ದಿನ ನಾನು ಊಟ ಬಿಟ್ಟದ್ದೆಲ್ಲ ದಂಡವಾಯಿತು ಅನ್ನಿಸಿತು.

ಚಂದ್ರವ್ವ ಹುಟ್ಟಿದ್ದು ಬೈಲಹೊಂಗಲದ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಮಲ್ಲಪ್ಪ ಹಾಡು-ಕುಣಿತದ ಬಯಲಾಟವಾದ ಸಣ್ಣಾಟದ ಕಂಪನಿಯಲ್ಲಿ ಪೇಟಿ ಮಾಸ್ತರರು. ನಾವು ಹಾರ್ಮೋನಿಯಂ ಅನ್ನುವುದನ್ನು ಆ ಕಡೆ ಪೇಟಿ ಅನ್ನುತ್ತಾರೆ. ಮಲ್ಲಪ್ಪ ಮಾಸ್ತರರಿಗೆ ಗಂಡು ಮಕ್ಕಳು ಇರಲಿಲ್ಲವೆಂದಲ್ಲ, ಇಬ್ಬರಿದ್ದರು, ಇಬ್ಬರಿಗೂ ಸ್ವರ ಹಿಡಿಯುವ ಕಿವಿ ಇರಲಿಲ್ಲ. ಹಾಗಾಗಿ ವಿದ್ಯೆ ಮಗಳಿಗೆ ಬಂತು. ಅವರು ಕಲಿಸುತ್ತಿದ್ದದ್ದು ಒಂದೇ ಪಾಠ ಎಂದು ಚಂದ್ರವ್ವ ಹೇಳುತ್ತಿದ್ದರು. ಕೈ ನೋಡಬ್ಯಾಡ, ಕಾಲು ನೋಡು. ಕುಣಿಯಾವನ ಕಾಲು ಎಲ್ಲೈತಿ, ನಿನ್ನ ಸ್ವರ ಅಲ್ಲಿರಬೇಕು.

ಮಾಸ್ತರರು ತಾವೇ ಕಟ್ಟಿದ ಒಂದು ಮಟ್ಟು ಇತ್ತು. ಅದನ್ನು ಕಟ್ಟಿದ್ದು ಭಕ್ತಿಗಲ್ಲ, ಶೃಂಗಾರಕ್ಕೂ ಅಲ್ಲ, ಶಿಕ್ಷೆಗೆ. ಕುಡಿದು ರಂಗಕ್ಕೆ ಬರುವ ನಟರಿಗೆ, ಮೇಳದವರಿಗೆ ತಿರುಗಿ ಮಾತಾಡುವ ಹಮ್ಮಿನವರಿಗೆ ಅದನ್ನು ಬಾರಿಸುತ್ತಿದ್ದರಂತೆ. ಅದಕ್ಕೆ ಮುಕ್ತಾಯವೇ ಇಲ್ಲ. ಕೊನೆಯ ಸಾಲು ಜಾರಿ ಜಾರಿ ಮತ್ತೆ ಮೊದಲ ಸಾಲಿನೊಳಗೇ ಹೋಗಿ ಬೀಳುತ್ತದೆ. ಕೇಳುವವರಿಗೆ ಚೆಂದ, ಕುಣಿಯುವವನಿಗೆ ಈಗ ಮುಗಿಯುತ್ತದೆ, ಈಗ ಮುಗಿಯುತ್ತದೆ ಎಂಬ ಆಸೆ. ಪೇಟಿಯ ಮುಂದೆ ಕೂತವರು ಮನಸ್ಸು ಮಾಡಿದಾಗಲೇ ಅದಕ್ಕೆ ಕೊನೆ. ಸಣ್ಣಾಟದಲ್ಲಿ ಮೇಳ ನಿಲ್ಲುವ ಮುಂಚೆ ಕುಣಿಯುವವನು ನಿಂತರೆ ಅವನ ಮರ್ಯಾದೆ ಹೋದಂತೆಯೇ.

ಮದುವೆಯಾಗಿ ಲಂಡನ್ನಿಗೆ ಬಂದಮೇಲೆ ಪೇಟಿ ಇಲ್ಲ, ಸಣ್ಣಾಟ ಇಲ್ಲ. ಗಂಡ ರುದ್ರೇಶ ಪಾರ್ಕ್ ರಾಯಲ್‌ನಲ್ಲಿ ಬ್ರೆಡ್ ತಯಾರಿಸುವ ಫ್ಯಾಕ್ಟರಿಯ ಶಿಫ್ಟಿಗೆ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಚಂದ್ರವ್ವನೂ ಸ್ವಲ್ಪ ಕಾಲ ಅಲ್ಲೇ ಪ್ಯಾಕಿಂಗ್‌ನಲ್ಲಿ ಇದ್ದು, ಸೂಪರ್‌ವೈಸರ್ ಜೊತೆ ಜಗಳವಾಡಿ ಬಿಟ್ಟರು. ಆಮೇಲೆ ಡ್ರೈವಿಂಗ್ ಕಲಿಸುವ ಲೈಸೆನ್ಸ್ ತೆಗೆದುಕೊಂಡರು. ಕ್ವೀನ್ಸ್‌ಬರಿಯಿಂದ ಹಿಡಿದು ವೆಂಬ್ಲಿಯವರೆಗೆ ಗುಜರಾತಿ ಹೆಂಗಸರಲ್ಲಿ ಅರ್ಧ ಜನಕ್ಕೆ ಗೇರ್ ಹಾಕಲು ಕಲಿಸಿದವರು ಇವರೇ. ಕಲಿಸುವವರು ಕೂತ ಕಡೆಯೂ ಒಂದು ಬ್ರೇಕ್ ಇರುವ ಆ ಕಾರು ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು.

ಇಂಗ್ಲಿಷರ ಕುಣಿತ ಅವರಿಗೆ ಸಿಕ್ಕಿದ್ದು ಒಂದು ಮೇ ತಿಂಗಳ ಬೆಳಿಗ್ಗೆ. ಪಾಠ ಮುಗಿಸಿ ಬರುವಾಗ ಹಳೇ ಪಬ್ಬಿನ ಅಂಗಳದಲ್ಲಿ ಬಿಳಿ ಬಟ್ಟೆಯ ಗಂಡಸರು ಮೊಣಕಾಲಿನ ಕೆಳಗೆ ಗೆಜ್ಜೆ ಕಟ್ಟಿಕೊಂಡು, ಟೋಪಿಗೆ ಹೂ ಸಿಕ್ಕಿಸಿ, ಎರಡೂ ಕೈಯಲ್ಲಿ ಕರ್ಚೀಫು ಬೀಸುತ್ತ ಕುಣಿಯುತ್ತಿದ್ದರು. ಇದಕ್ಕೆ ಮಾರಿಸ್ ಕುಣಿತ ಎಂದು ಹೆಸರು. ಹಳ್ಳಿಗಳಲ್ಲಿ ಸತ್ತೇ ಹೋಗಿದ್ದ ಇದನ್ನು ಪಟ್ಟಣದ ಜನ ಮತ್ತೆ ಎಬ್ಬಿಸಿ, ಹಳೇ ಹಾಡುಗಳನ್ನು ಹುಡುಕಿ ತಂದು, ವಾರಕ್ಕೊಮ್ಮೆ ಚರ್ಚಿನ ಹಾಲಿನಲ್ಲಿ ಪ್ರಾಕ್ಟೀಸು ಮಾಡಿ, ಬೇಸಿಗೆಯಲ್ಲಿ ಪಬ್ಬುಗಳ ಮುಂದೆ ಕುಣಿಯುತ್ತಾರೆ. ನಮ್ಮವರಲ್ಲಿ ಬೇರೆಯವರು ನಕ್ಕು ಮುಂದೆ ಹೋಗುತ್ತಾರೆ, ನಾನೂ ಹಾಗೇ ಹೋದವಳು. ಚಂದ್ರವ್ವ ಕುಣಿಯುವವರನ್ನು ನೋಡಲೇ ಇಲ್ಲ. ಪಕ್ಕದಲ್ಲಿ ನಿಂತು, ಎದೆಗೆ ಪೆಟ್ಟಿಗೆ ತೂಗುಹಾಕಿಕೊಂಡು ಬಾರಿಸುತ್ತಿದ್ದ ಮುದುಕನನ್ನು ನೋಡಿದರು. ಅವನ ಕಣ್ಣು ಕುಣಿಯುವವರ ಕಾಲಿನ ಮೇಲಿತ್ತು. ಅಷ್ಟು ಸಾಕಾಯಿತು.

ಮುದುಕನ ಹೆಸರು ಲೆನ್. ಪೆಟ್ಟಿಗೆಯ ಹೆಸರು ಮೆಲೋಡಿಯನ್. "ಅಕ್ಕಾರ, ಅದು ನಮ್ಮ ಪೇಟೀನ ರೀ. ನಿಂತು ಬಾರಸ್ತಾರ, ಅಷ್ಟ ಫರಕ," ಎಂದು ಚಂದ್ರವ್ವ ನನಗೆ ಎಷ್ಟು ಸಲ ಹೇಳಿದ್ದಾರೋ. ಫರಕು ಅಷ್ಟೇ ಅಲ್ಲ, ಒಂದೇ ಗುಂಡಿಯಲ್ಲಿ ತಿದಿ ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಲೆನ್ ಬಹಳ ತಾಳ್ಮೆಯಿಂದ ಕಲಿಸಿದ. ಅವನ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗುತ್ತ ಬಂದಂತೆ ತಂಡಕ್ಕೆ ಬಾರಿಸುವ ಕೆಲಸ ಮೆಲ್ಲಗೆ ಚಂದ್ರವ್ವನಿಗೆ ಬಂತು. ಪೆಟ್ಟಿಗೆಯನ್ನೂ ಅವರ ಕೈಯಲ್ಲೇ ಇಟ್ಟು ಸತ್ತ. ಒಳ್ಳೆಯ ಮುದುಕ, ನಮ್ಮ ಮನೆಗೆ ಬಂದಾಗ ಬಿಸಿಬೇಳೆಬಾತಿಗೆ ಇನ್ನೊಂದು ಚಮಚ ತುಪ್ಪ ಕೇಳಿ ಹಾಕಿಸಿಕೊಂಡವನು.

ಅವನು ಇದ್ದಾಗಲೇ ಒಂದು ದಿನ ಪ್ರಾಕ್ಟೀಸಿನ ನಡುವೆ ಚಂದ್ರವ್ವ ಅಪ್ಪನ ಮಟ್ಟನ್ನು ಸುಮ್ಮನೆ ಬಾರಿಸಿದ್ದರು. ಅದರಲ್ಲಿನ ಒಂದು ಸ್ವರ ಆ ಪೆಟ್ಟಿಗೆಯಲ್ಲಿ ಇಲ್ಲ, ಅದನ್ನು ಬಿಟ್ಟು ಪಕ್ಕದಿಂದ ಸುತ್ತಿಕೊಂಡು ಹೋದರು. ಲೆನ್ ಅದೇನು, ಎಲ್ಲಿಯದು ಎಂದು ಕೇಳಿ, ಎಲ್ಲ ತಿಳಿದುಕೊಂಡು, ಒಬ್ಬರೇ ಕುಣಿಯುವ ಜಿಗ್ ಎಂಬ ಕುಣಿತಕ್ಕೆ ಅದನ್ನು ಹೊಂದಿಸಿದ. ಮುಗಿಯದ ಮಟ್ಟು ಇಂಗ್ಲಿಷರ ಕಾಲಿಗೆ ಆಗಿಬರುವುದಿಲ್ಲ ಎಂದು ನಕ್ಕು, ಕೊನೆಯಲ್ಲಿ ನಿಲ್ಲಲು ಎರಡು ಸ್ವರ ಸೇರಿಸಿದ. ಆ ಸಂಜೆ ಚಂದ್ರವ್ವ ಊರಿಗೆ ಫೋನು ಹಚ್ಚಿ, ಸ್ಪೀಕರಿನ ಮುಂದೆ ಅದನ್ನು ಬಾರಿಸಿ ಕೇಳಿಸಿದರು. ಮಲ್ಲಪ್ಪ ಮಾಸ್ತರರು ಪೂರ್ತಿ ಕೇಳಿ, ಎರಡು ಸ್ವರ ಹೆಚ್ಚಿಗೆ ಹಾಕೀರಿ, ಅಲ್ಲಿ ಮಂದಿ ಭಾಳ ಲಗೂ ದಣೀತಾರೇನು ಎಂದು ಕೇಳಿದರಂತೆ. ಅವರು ತೀರಿಕೊಂಡದ್ದು ಮುಂದಿನ ವರ್ಷ. ಮಟ್ಟು ಕಿಂಗ್ಸ್‌ಬರಿಯಲ್ಲಿ ಉಳಿಯಿತು.

ಈಗ ಕ್ಲೈವ್ ವಿಷಯ. ತಂಡದ ಮುಖ್ಯಸ್ಥ. ಹ್ಯಾರೋ ಕಡೆ ಕಾರ್ಪೆಟ್ ಅಂಗಡಿ ಇಟ್ಟುಕೊಂಡಿದ್ದು, ಅದನ್ನು ಮಾರಿ, ಈಗ ಪೂರಾ ಹೊತ್ತು ಇಂಗ್ಲೆಂಡಿನ ಹಳೇ ಸಂಸ್ಕೃತಿಯನ್ನು ಕಾಪಾಡುತ್ತಿರುವವನು. ಎತ್ತರದ ಆಳು, ಬಿಳಿ ಗಡ್ಡ, ಮಾತು ಜೇನು. ಒಂದೇ ಮಾತಿನಲ್ಲಿ ಹೇಳುತ್ತೇನೆ, ನನಗೆ ಅವನನ್ನು ಕಂಡರೆ ಆಗದು. ನನ್ನ ಹೆಸರು ಇಂದು ಎಂದು ತಿಳಿದ ದಿನದಿಂದ ಪ್ರತಿ ಕಾರ್ಯಕ್ರಮಕ್ಕೂ ಸಮೋಸ ತರುತ್ತೀಯಲ್ಲ ಎಂದು ಕೇಳುವವನು. ನಾನು ಹುಟ್ಟಿದಾರಭ್ಯ ಸಮೋಸ ಕರಿದವಳಲ್ಲ. ಅಂಗಡಿಯಿಂದ ತಂದು ಕೊಟ್ಟರೆ, ನಿಮ್ಮ ಕೈ ರುಚಿಯೇ ಬೇರೆ ಅನ್ನುತ್ತಿದ್ದ.

ತಂಡದಲ್ಲಿ ಅವನು ಮಾಡಿದ ಕಟ್ಟಳೆಯೊಂದಿತ್ತು. ಸಂಗೀತ ನಿಲ್ಲುವ ಮುಂಚೆ ಯಾರೂ ಕುಣಿತ ನಿಲ್ಲಿಸಬಾರದು. ನಿಲ್ಲಿಸಿದವನು ಆ ವರ್ಷ ಪೂರ್ತಿ ಕೋಡಂಗಿಯ ಟೋಪಿ ಹಾಕಿಕೊಳ್ಳಬೇಕು. ತಂಡದಲ್ಲಿದ್ದ ಒಬ್ಬ ಹಲ್ಲಿನ ಡಾಕ್ಟರು ಪಾಪ, ಮೀನಖಂಡ ಹಿಡಿದುಕೊಂಡು ನಡುವೆ ಕುಸಿದು ಕೂತಿದ್ದಕ್ಕೆ, ಒಂದಿಡೀ ಬೇಸಿಗೆ ಕತ್ತೆಕಿವಿಯ ಟೋಪಿ ಹೊತ್ತು ನಿಲ್ಲುವ ಹಾಗೆ ಕ್ಲೈವ್ ಮಾಡಿದ್ದ. ಊರೂರಿನ ಪಬ್ಬುಗಳ ಮುಂದೆ ಅವನನ್ನು ತೋರಿಸಿ ತಮಾಷೆ ಮಾಡುತ್ತಿದ್ದ. ಆ ಡಾಕ್ಟರು ನಗುತ್ತಲೇ ಇರುತ್ತಿದ್ದ, ಅವನ ಹೆಂಡತಿ ನಗುತ್ತಿರಲಿಲ್ಲ.

ಮಲ್ಲಪ್ಪ ಮಾಸ್ತರರ ಮಟ್ಟಿನ ಜಿಗ್ ಕ್ಲೈವ್‌ಗೆ ಬಹಳ ಹಿಡಿಸಿತು. ಅದನ್ನು ಅವನೊಬ್ಬನೇ ಕುಣಿಯಬೇಕು. ಲೆನ್ ಇರುವವರೆಗೆ ಅದನ್ನು ಚಂದ್ರಳ ಟ್ಯೂನ್ ಅನ್ನುತ್ತಿದ್ದರು. ಲೆನ್ ಹೋದಮೇಲೆ ಕ್ಲೈವ್ ಕುಣಿಯುವ ಮುಂಚೆ ಜನರಿಗೆ ಒಂದು ಮಾತು ಹೇಳಲು ಶುರು ಮಾಡಿದ. ಆಕ್ಸ್‌ಫರ್ಡ್ ಕಡೆಯ ಹಳ್ಳಿಯೊಂದರಲ್ಲಿ ಮುದಿ ಕುರುಬನ ಬಾಯಿಂದ ತಾನು ಕೇಳಿ ಉಳಿಸಿದ ಮಟ್ಟು ಇದು ಎಂದು. ಮೊದಲ ಸಲ ಚಂದ್ರವ್ವ ಅದನ್ನು ತಮಾಷೆ ಅಂದುಕೊಂಡರು. ಇಂಥ ಕುಣಿತಗಳಲ್ಲಿ ಸುಳ್ಳುಕಥೆ ಹೇಳಿ ನಗಿಸುವುದು ರೂಢಿಯೇ. ಆದರೆ ಕಥೆ ಬೆಳೆಯಿತು. ಮುಂದಿನ ಸಲ ಕುರುಬನಿಗೆ ಮನೆ ಬಂತು, ಅದರ ಮುಂದಿನ ಸಲ ನಾಯಿ ಬಂತು. ಕೇಳಿದವರು ಕಣ್ಣೊರೆಸಿಕೊಳ್ಳತೊಡಗಿದರು. ಕ್ಲೈವ್ ಕೂಡ ಒಂದೆರಡು ಸಲ ಒರೆಸಿಕೊಂಡ.

ಹೋದ ವರ್ಷ ಚಳಿಗಾಲದಲ್ಲಿ ಬೇರೆ ತಂಡಗಳವರಿಗೆ ಕ್ಲೈವ್ ಆ ಜಿಗ್ ಕಲಿಸುವ ಕಾರ್ಯಕ್ರಮವಿತ್ತು. ಒಬ್ಬಳು ಹುಡುಗಿ ಚಂದ್ರವ್ವನ ಹತ್ತಿರ ಬಂದು, ನೀವಿದನ್ನು ಎಲ್ಲಿ ಕಲಿತಿರಿ ಎಂದು ಕೇಳಿದಳು. ನಮ್ಮಪ್ಪನ ಹತ್ತಿರ ಎಂದರು. ಹುಡುಗಿ, ಇದು ಇವರ ಅಪ್ಪನದಂತಲ್ಲ ಎಂದು ಎಲ್ಲರ ಮುಂದೆ ಕ್ಲೈವ್‌ನನ್ನು ಕೇಳಿದಳು. ಅವನು ಒಂದು ಕ್ಷಣವೂ ತಡವರಿಸಲಿಲ್ಲ. ಚಂದ್ರವ್ವನ ಹೆಗಲ ಮೇಲೆ ಕೈ ಹಾಕಿ, ಚಂದ್ರ ಇದನ್ನು ನಮ್ಮ ಜೊತೆ ಎಷ್ಟು ವರ್ಷ ಬಾರಿಸಿದ್ದಾಳೆಂದರೆ ಈಗ ಅವಳಿಗೆ ಇದು ತನ್ನ ಅಪ್ಪನದೇ ಅನ್ನಿಸುತ್ತಿದೆ, ಜಾನಪದದ ಸೊಗಸೇ ಇದಲ್ಲವೇ ಎಂದ. ಹಾಲಿನಲ್ಲಿದ್ದವರೆಲ್ಲ ಪ್ರೀತಿಯಿಂದ ತಲೆಯಾಡಿಸಿದರು. ಆ ಪ್ರೀತಿಯನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಚಂದ್ರವ್ವ ಅವನನ್ನು ಒಬ್ಬನೇ ಇರುವಾಗ ಕೇಳಿದರು. ಒಂದೇ ಒಂದು ಸಲ, ಜನರ ಮುಂದೆ, ಇದು ಯಾರದೆಂದು ಹೇಳು ಎಂದರು. ಅವನು ಬಹಳ ಮೃದುವಾಗಿ, ಜಾನಪದ ಯಾರ ಸ್ವತ್ತೂ ಅಲ್ಲ ಚಂದ್ರ, ಯಾರು ಮಾಡಿದರು ಎಂಬುದು ಮುಖ್ಯವೇ ಅಲ್ಲ ಎಂದು ತಿಳಿಹೇಳಿದನಂತೆ. ಮಾರನೆಯ ದಿನ ಪಾಠಕ್ಕೆ ಬಂದಾಗ ಚಂದ್ರವ್ವ ಇದನ್ನೆಲ್ಲ ನನಗೆ ಹೇಳಿದರು.

"ಯಾರದೂ ಅಲ್ಲಂದ್ರ ಆ ಕುರುಬ ಯಾಕ ಬಂದಾ ನಡಬರಕ?"

ತಂಡ ಬಿಟ್ಟುಬಿಡಿ ಎಂದೆ. ರುದ್ರೇಶರೂ ಅದನ್ನೇ ಹೇಳಿದ್ದರು. ಬಿಟ್ಟರೆ ಮಟ್ಟು ಅವನ ಹತ್ತಿರವೇ ಉಳಿಯುತ್ತದೆ, ಕುರುಬನ ಹೆಸರಿನಲ್ಲಿ, ನಾನು ಸತ್ತಮೇಲೂ ಹಾಗೇ ಕುಣಿಯುತ್ತಾರೆ ಎಂದರು ಚಂದ್ರವ್ವ. ಹಾಗಾದರೆ ಏನು ಬೇಕು ನಿಮಗೆ ಎಂದು ಕೇಳಿದೆ.

"ನಮ್ಮಪ್ಪನ ಹೆಸರು. ಅವನ ಬಾಯಿಲೆ, ಮಂದಿ ಮುಂದ. ಬ್ಯಾರೆ ಏನೂ ಬ್ಯಾಡ."

ಅದೇ ವರ್ಷದ ವಸಂತದಲ್ಲಿ ತಂಡಕ್ಕೆ ಐವತ್ತು ವರ್ಷ ತುಂಬಿತು. ಬೇರೆ ಬೇರೆ ಊರುಗಳ ತಂಡಗಳನ್ನು ಕರೆಸಿ, ಅದೇ ಹಳೇ ಪಬ್ಬಿನ ಅಂಗಳದಲ್ಲಿ ಶನಿವಾರ ಮಧ್ಯಾಹ್ನ ದೊಡ್ಡ ಕುಣಿತ. ಕೊನೆಗೆ ಕ್ಲೈವ್‌ನ ಜಿಗ್. ಅದರ ಹಿಂದಿನ ವಾರದ ಪಾಠದಲ್ಲಿ ಚಂದ್ರವ್ವ ನಾನು ಮಾಡಿದ ಎರಡು ತಪ್ಪಿಗೂ ಬೈಯದೆ ಇದ್ದುದರಿಂದ, ಏನೋ ನಡೆಯುತ್ತದೆ ಎಂದು ನನಗೆ ಗೊತ್ತಾಯಿತು. ಕೇಳಿದೆ. ಲೆನ್ ಸೇರಿಸಿದ ಎರಡು ಸ್ವರ ಈ ಸಲ ಬಾರಿಸುವುದಿಲ್ಲ ಎಂದರು. ಅರ್ಥವಾಗಲು ನನಗೆ ಒಂದು ಟ್ರಾಫಿಕ್ ಲೈಟಿನಷ್ಟು ಹೊತ್ತು ಹಿಡಿಯಿತು. ಅರ್ಥವಾದಮೇಲೆ ಎಷ್ಟು ಖುಷಿಯಾಯಿತೆಂದರೆ ಹಸಿರು ಬಂದರೂ ನಾನು ಹೊರಡಲಿಲ್ಲ.

ಮುಕುಂದನನ್ನು ನಾನೇ ಎಳೆದುಕೊಂಡು ಹೋದೆ. ಮೊಣಕಾಲಿನ ಡಾಕ್ಟರೊಬ್ಬರು ಇರಲಿ ಎಂದು ಮನಸ್ಸಿನಲ್ಲಿ. ಮೊದಲ ಸಾಲಿನಲ್ಲೇ ನಿಂತೆವು. ಸಮೋಸ ತಂದಿರಲಿಲ್ಲ. ಕ್ಲೈವ್ ಎರಡು ಸಲ ನನ್ನ ಬರಿಗೈ ನೋಡಿದ.

ಅಂಗಳ ತುಂಬಿತ್ತು. ನೂರಾರು ಗೆಜ್ಜೆ, ಬಣ್ಣಬಣ್ಣದ ಪಟ್ಟಿ, ಕೈಯಲ್ಲಿ ಗ್ಲಾಸು. ಹಲ್ಲಿನ ಡಾಕ್ಟರೂ ಹೆಂಡತಿಯ ಜೊತೆ ಬಂದಿದ್ದ. ಕ್ಲೈವ್ ನಡುವೆ ಬಂದು ನಿಂತು, ದನಿ ತಗ್ಗಿಸಿ ಕುರುಬನ ಕಥೆ ಹೇಳಿದ. ಈ ಸಲ ಕುರುಬ ಸಾಯುವಾಗ ಕ್ಲೈವ್‌ನ ಕೈ ಹಿಡಿದುಕೊಂಡು, ಇದನ್ನು ಸಾಯಲು ಬಿಡಬೇಡ ಎಂದಿದ್ದ. ನಾನು ಚಂದ್ರವ್ವನ ಮುಖ ನೋಡಿದೆ. ಅವರು ಪೆಟ್ಟಿಗೆಯ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಕಣ್ಣನ್ನು ಅವನ ಕಾಲಿನ ಮೇಲಿಟ್ಟು ಶುರು ಮಾಡಿದರು.

ಸುಳ್ಳು ಹೇಳಬಾರದು, ಅವನು ಚೆನ್ನಾಗಿ ಕುಣಿಯುತ್ತಿದ್ದ. ಅರವತ್ತೈದು ದಾಟಿದ್ದರೂ ಮೈ ಹಗುರ. ಆ ಜಿಗ್‌ನಲ್ಲಿ ಒಂದು ದೊಡ್ಡ ನೆಗೆತವಿದೆ. ಅಲ್ಲಿ ಬಾರಿಸುವವರು ಸ್ವರವನ್ನು ಎಳೆದು ಹಿಡಿಯಬೇಕು, ಕುಣಿಯುವವನು ಕರ್ಚೀಫು ಮೇಲೆ ಚಿಮ್ಮಿ ಗಾಳಿಗೆ ಹಾರಬೇಕು, ಅವನ ಪಾದ ನೆಲ ಮುಟ್ಟಿದಾಗ ಸ್ವರವೂ ಇಳಿಯಬೇಕು. ಬೇರೆ ಯಾರು ಬಾರಿಸಿದರೂ ಅವನಿಗೆ ಅದು ಕೂಡಿಬರುತ್ತಿರಲಿಲ್ಲ. ಮೊದಲ ಸುತ್ತಿನಲ್ಲಿ ಅಂಗಳವೆಲ್ಲ ಆಹಾ ಅಂದಿತು. ಕೊನೆಯ ಸಾಲು ಬಂತು. ಅವನು ಎರಡೂ ಕೈ ಎತ್ತಿ ನಿಲ್ಲಲು ಸಿದ್ಧನಾದ. ಮಟ್ಟು ನಿಲ್ಲದೆ ಜಾರಿ ಮತ್ತೆ ಮೊದಲ ಸಾಲಿಗೆ ಹೋಯಿತು.

ಚಂದ್ರವ್ವ ಲೆಕ್ಕ ತಪ್ಪಿದರೆಂದುಕೊಂಡು ಅವನು ಜನರ ಕಡೆ ನಕ್ಕು ಮತ್ತೆ ಕುಣಿದ. ಎರಡನೆಯ ಸಲವೂ ಹಾಗೇ ಆದಾಗ ಅವರ ಕಡೆ ಕಣ್ಣು ಬಿಟ್ಟ. ಅದರ ಮುಂದಿನ ಸುತ್ತಿನಲ್ಲಿ ಹತ್ತಿರ ಬಂದು, ಮುಗಿಸು ಎಂದು ಪಿಸುಗುಟ್ಟಿದ. ಚಂದ್ರವ್ವ ಬಾರಿಸುತ್ತಲೇ, ಪಿಸುಗುಡದೆ, ಸಹಜವಾದ ದನಿಯಲ್ಲಿ, ಇದು ಯಾರದೆಂದು ಇವರಿಗೆ ಹೇಳು, ಮುಗಿಸುತ್ತೇನೆ ಎಂದರು.

ಅವನು ನಿಂತುಬಿಡಬಹುದಿತ್ತು. ಯಾರು ಹಿಡಿದಿದ್ದರು? ಅವನ ಕಟ್ಟಳೆಯೇ ಹಿಡಿದಿತ್ತು. ಊರೂರಿನ ತಂಡಗಳು ನೋಡುತ್ತಿವೆ, ಕತ್ತೆಕಿವಿಯ ಟೋಪಿ ಅಲ್ಲೇ ಬೆಂಚಿನ ಮೇಲಿದೆ. ಹಲ್ಲಿನ ಡಾಕ್ಟರಿಗೆ ಅಷ್ಟರಲ್ಲಿ ಏನೋ ಹೊಳೆದಿರಬೇಕು, ಮೆಲ್ಲಗೆ ತಾಳ ಹಾಕಲು ಶುರು ಮಾಡಿದ. ಅವನ ಹೆಂಡತಿ ಜೋರಾಗಿ ಹಾಕಿದಳು. ನಾನೂ ಹಾಕಿದೆ. ಇಡೀ ಅಂಗಳ ಇದೊಂದು ಹೊಸ ಬಗೆಯ ಸ್ಪರ್ಧೆ ಎಂದು ತಿಳಿದು ಕೈ ತಟ್ಟಿತು. ಮುಕುಂದ ನನ್ನ ಮೊಣಕೈ ಹಿಡಿದು, ಇಂದೂ, ಆ ಮನುಷ್ಯನ ಬಲಗಾಲು ನೋಡು, ಮಂಡಿ ಹೋಗುತ್ತೆ ಎಂದ. ನಾನು ನೋಡುತ್ತಲೇ ಇದ್ದೆ.

ಅವನ ಟೋಪಿ ಬಿತ್ತು. ಗಡ್ಡದಿಂದ ಬೆವರು ಇಳಿಯಿತು. ನೆಗೆತ ಬರಬರುತ್ತ ಗೇಣಿನಷ್ಟಾಯಿತು. ಚಂದ್ರವ್ವ ವೇಗ ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಅವರಿಗೆ ಅವಸರವೇ ಇರಲಿಲ್ಲ. ಕೊನೆಗೆ ಅವನು ಏದುಸಿರಿನಲ್ಲಿ, ಇದು ಚಂದ್ರಳ ಟ್ಯೂನ್ ಎಂದು ಕೂಗಿದ. ಚಂದ್ರವ್ವ ತಲೆಯಾಡಿಸಿ, ನನ್ನದಲ್ಲ ಎಂದರು. ಇನ್ನರ್ಧ ಸುತ್ತಾದ ಮೇಲೆ, ಅವಳ ಅಪ್ಪನದು ಎಂದ. ಜನ ಹೋ ಎಂದು ನಕ್ಕರು. ಇದೂ ಕುಣಿತದ ತಮಾಷೆಯ ಒಂದು ಭಾಗ ಅಂದುಕೊಂಡರು. ಚಂದ್ರವ್ವ ನಗಲಿಲ್ಲ. ಅವರಿಗೆ ಹೆಸರಿದೆ ಎಂದರು.

ಆಗ ಕ್ಲೈವ್‌ನ ಮುಖದಲ್ಲಿ ನಾನು ಕಂಡದ್ದು ಹಟವಲ್ಲ. ಹೆಸರು ಹೇಳಲು ಅವನು ಒಪ್ಪಿಬಿಟ್ಟಿದ್ದ. ಆದರೆ ಅವನಿಗೆ ಗೊತ್ತಿರಲಿಲ್ಲ. ಹತ್ತು ವರ್ಷ ಚಂದ್ರವ್ವನ ಕಾರಿನಲ್ಲೇ ಪ್ರಾಕ್ಟೀಸಿಗೆ ಬಂದು ಹೋದವನು. ದಾರಿಯುದ್ದಕ್ಕೂ ಅಪ್ಪನ ಮಾತು ಕೇಳಿದವನು. ಮಾಸ್ತರರು ತೀರಿಕೊಂಡ ವಾರ ಕಾರ್ಡು ಬರೆದು ಕೊಟ್ಟವನು. ಈಗ ಒಂದು ಕಾಲಿನ ಮೇಲೆ ಕುಪ್ಪಳಿಸುತ್ತ, ಬಾಯಿ ತೆರೆದುಕೊಂಡು, ಹೆಸರೇನು ಎಂದು ಕೇಳಿದ.

ಆ ಕ್ಷಣ ಚಂದ್ರವ್ವನ ಕಣ್ಣು ಅವನ ಕಾಲಿನಿಂದ ಎದ್ದು ಅವನ ಮುಖಕ್ಕೆ ಹೋಯಿತು. ಅಲ್ಲಿಯವರೆಗೆ ಅವರಲ್ಲಿ ಸಿಟ್ಟು ಇತ್ತು, ಆಟವೂ ಇತ್ತು. ಈಗ ಆಟ ಹೋಯಿತು. ಕುರುಬನ ಕಥೆಗಿಂತ ಈ ಪ್ರಶ್ನೆಯೇ ಅವರನ್ನು ಹೆಚ್ಚು ನೋಯಿಸಿತೆಂದು ನನಗೆ ಗೊತ್ತು, ನನಗೂ ನೋಯಿತು. ಬೆರಳು ಮಾತ್ರ ತಪ್ಪಲಿಲ್ಲ.

"ಮಲ್ಲಪ್ಪ," ಎಂದರು.

ಅವನು ಏನೋ ಅಂದ. ಚಂದ್ರವ್ವ ಒಂದು ಪೂರ್ತಿ ಸುತ್ತು ಬಾರಿಸಿ ಇನ್ನೊಮ್ಮೆ ಹೇಳಿದರು. ಅವನು ಇನ್ನೊಮ್ಮೆ ಅಂದ, ಸುಮಾರಾಗಿ ಬಂತು. ಮತ್ತೊಂದು ಸುತ್ತು. ಆಗ, ಗಂಟಲು ಹರಿಯುವ ಹಾಗೆ, ಇದು ಮಲ್ಲಪ್ಪನ ಮಟ್ಟು, ಚಂದ್ರಳ ಅಪ್ಪ ಮಲ್ಲಪ್ಪನದು ಎಂದು ಕೂಗಿದ. ಅಂಗಳದಲ್ಲಿ ಯಾರೂ ನಗಲಿಲ್ಲ. ಆ ದನಿಯಲ್ಲಿ ತಮಾಷೆ ಇರಲಿಲ್ಲ. ತಾಳವೂ ನಿಂತಿತು.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಹಾಗಾದರೆ ಆ ಕುರುಬ ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ. ಮುಕುಂದ ನನ್ನ ಕೈ ಜಗ್ಗಿದ. ಕ್ಲೈವ್ ನನ್ನನ್ನು ನೋಡಿದ, ಚಂದ್ರವ್ವನನ್ನು ನೋಡಿದ, ಮಟ್ಟು ಮತ್ತೆ ಮೊದಲ ಸಾಲಿಗೆ ಜಾರುತ್ತಿತ್ತು. ಕುರುಬ ಇರಲಿಲ್ಲ ಎಂದ. ಯಾವ ಕುರುಬನೂ ಇರಲಿಲ್ಲ.

ಚಂದ್ರವ್ವ ಸ್ವರವನ್ನು ಎಳೆದು ಹಿಡಿದರು. ದೊಡ್ಡ ನೆಗೆತದ ಜಾಗ. ಇದಾದಮೇಲೆ ಮುಕ್ತಾಯ ಎಂದು ಅವನಿಗೆ ತಿಳಿಯಿತು, ನಮಗೆಲ್ಲರಿಗೂ ತಿಳಿಯಿತು. ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಅವನು ಹಾರಿದ. ಕರ್ಚೀಫು ಮೇಲೆ ಚಿಮ್ಮಿತು. ಅವನ ಎರಡೂ ಪಾದ ನೆಲ ಬಿಟ್ಟಿರುವಾಗಲೇ ಚಂದ್ರವ್ವ ತಿದಿ ಮುಚ್ಚಿದರು. ಅವನು ಇಳಿದಾಗ ಅಂಗಳದಲ್ಲಿ ಅವನ ಗೆಜ್ಜೆಯ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಲೆನ್‌ನ ಎರಡು ಸ್ವರಕ್ಕಾಗಿ ಕಾದು, ಕೈ ಅರ್ಧ ಎತ್ತಿಕೊಂಡು, ಹಾಗೇ ನಿಂತಿದ್ದ. ಚಂದ್ರವ್ವ ಪೆಟ್ಟಿಗೆಗೆ ಗವಸು ಹಾಕಿ, ಹೆಗಲಿಗೇರಿಸಿ, ಕಾರಿನ ಕಡೆ ನಡೆದರು.

ಮನೆಗೆ ಬರುವಾಗ ಮುಕುಂದ ಬಹಳ ಬೈದ. ಆ ಮನುಷ್ಯ ಅಲ್ಲೇ ಸತ್ತಿದ್ದರೆ ಎಂದು ಕೇಳಿದ. ಮೊದಲನೇ ಸುತ್ತಿನಲ್ಲೇ ಹೇಳಬಹುದಿತ್ತು ಎಂದೆ. ಆಮೇಲೆ ಎರಡು ದಿನ ನಮ್ಮ ಮನೆಯಲ್ಲಿ ಬಿಗುಮಾನ ನಡೆಯಿತು. ನಾನು ಊಟ ಮಾತ್ರ ಬಿಡಲಿಲ್ಲ.

ಮುಂದಿನ ಪಾಠಕ್ಕೆ ಚಂದ್ರವ್ವ ಎಂದಿನಂತೆ ಬಂದರು. ಸಮಾಧಾನ ಆಯಿತಾ ಎಂದು ಕೇಳಿದೆ. ಕನ್ನಡಿ ಸರಿಮಾಡಿಕೊಳ್ಳಿ ಎಂದರು. ಸರಿಮಾಡಿಕೊಂಡು ಮತ್ತೆ ಕೇಳಿದೆ. ಅವರು ಇಲ್ಲ ಎಂದು ತಲೆಯಾಡಿಸಿದರು. ಹೆಸರು ಕೇಳಿದನಲ್ಲ, ಅಲ್ಲಿಗೆ ಸುಮ್ಮನಾಗಬಾರದಿತ್ತು, ಇನ್ನಷ್ಟು ಕುಣಿಸಬೇಕಿತ್ತು ಎಂದರು. ತಂಡದಿಂದ ಬಂದ ಫೋನುಗಳನ್ನು ತೆಗೆಯಲಿಲ್ಲ. ಕ್ಲೈವ್ ಒಮ್ಮೆ ಮನೆಯ ಬಾಗಿಲಿಗೇ ಹೂ ಹಿಡಿದುಕೊಂಡು ಬಂದಿದ್ದನಂತೆ. ಹೂವನ್ನು ರುದ್ರೇಶರು ಇಸಿದುಕೊಂಡರು, ಚಂದ್ರವ್ವ ಹೊರಗೆ ಬರಲಿಲ್ಲ.

ಈ ಮೇ ತಿಂಗಳಲ್ಲಿ ನಾನು ಇನ್ನೂ ಡ್ರೈವಿಂಗ್ ಕಲಿಯುತ್ತಲೇ ಇದ್ದೇನೆ. ಟೆಸ್ಟಿನ ವಿಷಯ ದಯವಿಟ್ಟು ಕೇಳಬೇಡಿ. ಮೊನ್ನೆ ಭಾನುವಾರ ಪಾಠ ಮುಗಿಸಿ ಬರುವಾಗ ಚಂದ್ರವ್ವ ಎಡಕ್ಕೆ ತಿರುಗಿಸಿ ಎಂದರು. ಅದು ನಮ್ಮ ದಾರಿಯಲ್ಲ. ತಿರುಗಿಸಿದೆ. ಹಳೇ ಪಬ್ಬಿನ ಎದುರು, ರಸ್ತೆಯ ಈಚೆ ಬದಿಗೆ ನಿಲ್ಲಿಸಿ ಎಂದರು. ಕೆಂಪು ಎಲ್ ಬೋರ್ಡಿನ ನಮ್ಮ ಕಾರು ಆ ಅಂಗಳಕ್ಕೆ ಚೆನ್ನಾಗಿ ಕಾಣುವ ಹಾಗೆ ನಿಂತಿತು. ಕಿಟಕಿ ಇಳಿಸಿದರು.

ಅಂಗಳದ ನಡುವೆ ಕ್ಲೈವ್ ಇದ್ದ. ಪಕ್ಕದಲ್ಲಿ ಯಾರೋ ಹೊಸಬ ಪಿಟೀಲು ಹಿಡಿದುಕೊಂಡಿದ್ದ. ಕ್ಲೈವ್ ಜನರಿಗೆ ಹೇಳುತ್ತಿದ್ದುದು ರಸ್ತೆಗೆ ಕೇಳಿಸುತ್ತಿತ್ತು. ಈಗ ಕುಣಿಯುವುದು ಮಲ್ಲಪ್ಪನ ಜಿಗ್ ಎಂದ. ಬೇರೆ ಹೆಸರು ಹೇಳುವ ಹಾಗೇ ಇರಲಿಲ್ಲ, ಬಂದಿದ್ದ ತಂಡಗಳೆಲ್ಲ ಅದನ್ನು ಅದೇ ಹೆಸರಿನಿಂದ ತಮ್ಮ ಊರಿಗೆ ಕೊಂಡೊಯ್ದಿದ್ದವು. ಹೆಸರನ್ನು ಸರಿಯಾಗಿ ಹೇಳಿದ, ಒತ್ತು ಸಮೇತ. ಎಷ್ಟು ಸಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನೋ. ಚಂದ್ರವ್ವನ ಕೈ ಮಡಿಲಲ್ಲಿ ಸುಮ್ಮನಿತ್ತು. ಅಪ್ಪನ ಹೆಸರು ಆ ಅಂಗಳದಿಂದ ಬಂದಾಗ ಬೆರಳು ಮಾತ್ರ ಒಮ್ಮೆ ಗುಂಡಿ ಒತ್ತಿದ ಹಾಗೆ ಅಲುಗಿತು.

ಪಿಟೀಲಿನವನು ತನ್ನ ಪಿಟೀಲನ್ನೇ ನೋಡಿಕೊಂಡು ಬಾರಿಸುತ್ತಿದ್ದ. ಮಟ್ಟು ಇತ್ತು, ಕಾಲು ಎಲ್ಲೋ ಇತ್ತು. ಸಾಕಲ್ಲವೇ, ಹೆಸರು ಹೇಳಿದನಲ್ಲ, ಹೋಗೋಣವೇ ಎಂದು ಕೇಳಿ ನಾನು ಕೀಗೆ ಕೈ ಹಾಕಿದೆ. ಚಂದ್ರವ್ವ ನನ್ನ ಕೈ ತಡೆದರು.

"ತಡೀರಿ ಅಕ್ಕಾರ. ಅಂವ ನನ್ನ ನೋಡ್ಲಿ."

ದೊಡ್ಡ ನೆಗೆತದ ಜಾಗ ಬಂತು. ಕ್ಲೈವ್ ಕರ್ಚೀಫು ಚಿಮ್ಮಿಸಲು ತಲೆ ಎತ್ತಿದ, ಜನರ ತಲೆಗಳ ಮೇಲಿಂದ ಅವನ ಕಣ್ಣು ರಸ್ತೆಗೆ ಬಂತು, ಕೆಂಪು ಬೋರ್ಡಿನ ಮೇಲೆ ನಿಂತಿತು. ಕಿಟಕಿಯಲ್ಲಿ ಚಂದ್ರವ್ವ ಅವನ ಕಾಲನ್ನೇ ನೋಡುತ್ತಿದ್ದರು. ಪಿಟೀಲು ಅವನಿಗಾಗಿ ಕಾಯದೆ ಮುಂದೆ ಹೋಯಿತು. ಅವನು ಹಾರಲಿಲ್ಲ. ಎರಡೂ ಪಾದ ನೆಲಕ್ಕೆ ಊರಿಕೊಂಡು ಹಾಗೇ ನಿಂತ. ಮಟ್ಟು ಇನ್ನೂ ನಡೆಯುತ್ತಲೇ ಇತ್ತು, ಹಲ್ಲಿನ ಡಾಕ್ಟರು ಬೆಂಚಿನ ಮೇಲಿದ್ದ ಕತ್ತೆಕಿವಿಯ ಟೋಪಿಯನ್ನು ಎತ್ತಿಕೊಂಡು ಮೆಲ್ಲಗೆ ಅವನ ಕಡೆ ನಡೆದು ಬಂದ.

ಚಂದ್ರವ್ವ ಟೋಪಿ ಅವನ ತಲೆಯ ಮೇಲೆ ಕೂರುವವರೆಗೂ ನೋಡಿದರು. ಆಮೇಲೆ ಕಿಟಕಿ ಏರಿಸಿ, ಬೆಲ್ಟ್ ಎಳೆದುಕೊಂಡರು.

"ಈಗ ಕ್ಲಚ್ ಬಿಡ್ರಿ," ಎಂದರು. "ಹಗೂರಕ."